ಶ್ರುತಿಪೆಟ್ಟಿಗೆಯನ್ನು ಮಕ್ಕಳೇ ಕಟ್ಟಲಿ

ಪುತ್ತೂರು, ಸುಳ್ಯ, ಕಡಬ ಸೀಮೆಯ ಯಕ್ಷಗಾನ ಹಿಮ್ಮೇಳದಲ್ಲಿ ಪುಂಗಿ, ಹಾರ್ಮೋನಿಯಂಗಳ ಸ್ಥಾನವು ಇಂದು ವಿದ್ಯುನ್ಮಾನ ಶ್ರುತಿಪೆಟ್ಟಿಗೆಗೆ ಸಂದಿದೆ. ಕೊಳಲುವಾದಕರೂ ಇಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅಂಥದೊಂದನ್ನು ರೂಪಿಸಿದರು. ನಮ್ಮ ಶಾಲೆಯ ವಚನಪ್ರಾರ್ಥನೆಗೆ ಬೇಕಾದುದನ್ನು ಕ್ರಯಕ್ಕೆ ಕೊಳ್ಳದೆ ಮಕ್ಕಳಿಂದಲೇ ಕಟ್ಟಿಸಬೇಕೆಂಬುದು ನನ್ನ ಅಭಿಮತ.

ಕೆಟ್ಟ ರೇಡಿಯೋದ ಸ್ಪೀಕರು, ಎರಡು 555 ಐ.ಸಿ.ಗಳು, ಕೆಲವು ರೋಧಕ, ಕೆಪಾಸಿಟರುಗಳು, 9 ವೋಲ್ಟಿನ ಬ್ಯಾಟರಿ — ಇಷ್ಟು ಸಾಕು. (ಗೋಡೆಯ ಕರೆಂಟಿನ ಗೊಡವೆ ಸರ್ವಥಾ ಬೇಡ.) ರೋಧ ಹೆಚ್ಚಿದಂತೆ ಸ್ವರ ಇಳಿಯುವುದು. ಆ ರೇಡಿಯೋದ್ದೇ ವಾಲ್ಯೂಮ್ ಕಂಟ್ರೋಲನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಎರಡು ನಾದಗಳ ಕಂಪನಗಳು 2:3ರ ಪ್ರಮಾಣಕ್ಕೆ ಬಂದು, ಷಡ್ಜ ಪಂಚಮಗಳ ನಡುವಣ ನಡುಕ ಅಡಗುವುದು. ಆ ಕ್ಷಣವನ್ನು ಮಗುವಿನ ಕಿವಿಯೇ ಹಿಡಿಯಬೇಕು.

ನಾದ ಕರ್ಕಶವೆಂದು ಸಂಗೀತಜ್ಞ ಮಿತ್ರರು ಆಕ್ಷೇಪಿಸಬಹುದು; ಕರ್ಕಶವೇ ಹೌದು. ಕಿವಿ ಪಳಗಿದ ಮೇಲೆ ತಂಬೂರಿ ತರೋಣ. ಹಳೆಯ ವಿದ್ಯಾರ್ಥಿಗಳು ಈ ವರ್ಷ ತಮ್ಮ ಹಳೆಯ ರೇಡಿಯೋಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕಳುಹಿಸಿಕೊಡಲಿ.