ಕರುಳಿನ ಬ್ಯಾಕ್ಟೀರಿಯಾ ಔಷಧಿ: ದೀರ್ಘಾವಧಿ ಬಂಡವಾಳದ ಅಗತ್ಯ

ಪ್ರೋಬಯಾಟಿಕ್ ಎಂದೊಡನೆ ವ್ಯಾಪಾರಿಗಳ ಕಣ್ಮುಂದೆ ಬರುವುದು ಮೊಸರಿನ ಡಬ್ಬಿ ಹಾಗೂ ಔಷಧಿ ಅಂಗಡಿಯ ಪುಡಿಯ ಪೊಟ್ಟಣ. ಈಗ ಮಾನವನ ಕರುಳಿನಲ್ಲಿಯೇ ವಾಸಿಸುವ ಹಿತಕರ ಬ್ಯಾಕ್ಟೀರಿಯಾಗಳನ್ನು ಔಷಧಿಯಾಗಿ ರೂಪಿಸುವ ಉದ್ಯಮವೂ ತಲೆಯೆತ್ತಿದೆ. ಇದರಲ್ಲಿ ಹಣ ತೊಡಗಿಸುವ ಮುನ್ನ ಅಮೆರಿಕದ ಸೆರೆಸ್ ಥೆರಪ್ಯೂಟಿಕ್ಸ್ ಸಂಸ್ಥೆಯ ಅನುಭವವನ್ನು ಅವಲೋಕಿಸುವುದು ಒಳಿತು.

ಪ್ರತಿಜೀವಕ ಔಷಧಿಗಳು ಕರುಳಿನ ಹಿತಕರ ಬ್ಯಾಕ್ಟೀರಿಯಾಗಳನ್ನೂ ನಾಶಪಡಿಸಿದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ರೋಗಾಣು ಮೇಲುಗೈ ಸಾಧಿಸಿ, ಮರಳಿ ಮರಳಿ ಅತಿಸಾರ ಉಂಟುಮಾಡುತ್ತದೆ. ಇದನ್ನು ತಡೆಯಲು ಸೆರೆಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಮಲದಿಂದ ಶುದ್ಧೀಕರಿಸಿದ ಬ್ಯಾಕ್ಟೀರಿಯಾ ಬೀಜಕಗಳ ಕ್ಯಾಪ್ಸೂಲ್ ಸಿದ್ಧಪಡಿಸಿತು. 2015ರಲ್ಲಿ ಷೇರು ಮಾರುಕಟ್ಟೆ ಪ್ರವೇಶಿಸಿದ ಸಂಸ್ಥೆಯ ಎರಡನೇ ಹಂತದ ಪ್ರಯೋಗ 2016ರ ಜುಲೈನಲ್ಲಿ ವಿಫಲವಾದಾಗ, ಷೇರಿನ ಬೆಲೆ ಒಂದೇ ದಿನದಲ್ಲಿ ತೀವ್ರವಾಗಿ ಕುಸಿಯಿತು. ಔಷಧಿಯ ಪ್ರಮಾಣ ಸಾಲದಾಗಿತ್ತು; ರೋಗ ಮರುಕಳಿಸಿದೆಯೆಂದು ನಿರ್ಧರಿಸುವ ಪರೀಕ್ಷೆಯೂ ಸಮರ್ಪಕವಾಗಿರಲಿಲ್ಲ. ಇವೆರಡನ್ನೂ ಸರಿಪಡಿಸಿ 182 ರೋಗಿಗಳ ಮೇಲೆ ಮುಂದಿನ ಪ್ರಯೋಗ ನಡೆಸಲಾಯಿತು. ಎಂಟು ವಾರಗಳೊಳಗೆ ರೋಗ ಮರುಕಳಿಸಿದವರು ಔಷಧಿ ಪಡೆದವರಲ್ಲಿ ಶೇ. 12, ಹುಸಿ ಕ್ಯಾಪ್ಸೂಲ್ ಪಡೆದವರಲ್ಲಿ ಶೇ. 40. 2023ರ ಏಪ್ರಿಲ್‌ನಲ್ಲಿ ‘ವೌಸ್ಟ್’ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಒಂದು ಸರದಿ ಚಿಕಿತ್ಸೆಗೆ ನಿಗದಿಯಾದ ಬೆಲೆ 17,500 ಡಾಲರ್. ಆದರೂ ಮರುವರ್ಷವೇ ಆ ಔಷಧಿಯನ್ನು ನೆಸ್ಲೆ ಹೆಲ್ತ್ ಸೈನ್ಸ್‌ಗೆ ಮಾರಿ ಸಂಸ್ಥೆಯು ಸಾಲ ತೀರಿಸಬೇಕಾಯಿತು.

ವಿಜ್ಞಾನ ಗೆದ್ದರೂ ಬಂಡವಾಳ ಸೋಲಬಹುದೆಂಬುದು ಇದರಿಂದ ಸ್ಪಷ್ಟ. ನಮ್ಮ ದೇಶದ ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ವೆಚ್ಚವನ್ನು ಆಸ್ತಿಯೆಂದು ತೋರಿಸಲು ತಾಂತ್ರಿಕ ಸಾಧ್ಯತೆ, ಸಂಪನ್ಮೂಲ ಮುಂತಾದವು ಸಾಬೀತಾಗಿರಬೇಕು. ಹೀಗಾಗಿ ಹಲವು ವರ್ಷ ಅಢಾವೆ ಪತ್ರಿಕೆಯಲ್ಲಿ ಸಂಚಿತ ನಷ್ಟವೇ ಕಾಣುತ್ತದೆ. ಬ್ಯಾಂಕಿಗೆ ಅಡಮಾನವಿಡಲು ಏನೂ ಇರುವುದಿಲ್ಲ. ಆಂತರಿಕ ಸಂಶೋಧನೆಗೆ ದೊರೆಯುತ್ತಿದ್ದ ಶೇ. 200ರ ತೆರಿಗೆ ಕಡಿತವೂ 2017ರ ಏಪ್ರಿಲ್‌ನಿಂದ ಶೇ. 150ಕ್ಕೆ, 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿಯಿತು. ಅಲ್ಪಾವಧಿ ಸಾಲದಿಂದ ಈ ಉದ್ಯಮಕ್ಕಿಳಿಯುವುದು ಬೆಳೆಸಾಲ ತಂದು ತೆಂಗಿನ ತೋಟ ಹಾಕಿದಂತೆ.

ಆಗ ಎದುರಾಗುವ ಪ್ರಲೋಭನೆಯೆಂದರೆ, ಪುರಾವೆಗೆ ಕಾಯದೆ ಆಹಾರದ ಹೆಸರಿನಲ್ಲಿ ಔಷಧಿಯ ಭರವಸೆ ಮಾರುವುದು. ಪಾಶ್ಚರೀಕರಿಸಿದ ಅಕ್ಕರ್‌ಮ್ಯಾನ್ಸಿಯಾ ಬ್ಯಾಕ್ಟೀರಿಯಾ ಆಹಾರವಾಗಿ ಸುರಕ್ಷಿತವೆಂದು 2021ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಅಭಿಪ್ರಾಯಪಟ್ಟಿತು. ಆದರೆ ಸುರಕ್ಷಿತವೆಂದರೆ ರೋಗ ಗುಣಪಡಿಸುತ್ತದೆಂದು ಅರ್ಥವಲ್ಲ. ಈ ಅಂತರ ಮರೆತರೆ ಪ್ರಾಮಾಣಿಕ ತಯಾರಕರೂ ಗ್ರಾಹಕರ ವಿಶ್ವಾಸ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಉದ್ಯಮಿಗಳು ಆಹಾರ ಮತ್ತು ಔಷಧಿ ಯೋಜನೆಗಳ ಲೆಕ್ಕವನ್ನು ಪ್ರತ್ಯೇಕವಾಗಿಡಬೇಕು. ಒಮ್ಮೆ ವಿಫಲವಾದರೂ ಮತ್ತೊಮ್ಮೆ ಪ್ರಯೋಗ ನಡೆಸುವಷ್ಟು ಸ್ವಂತ ಬಂಡವಾಳ ಮೊದಲೇ ಕಾದಿರಿಸಬೇಕು. ಸರ್ಕಾರವು ರೋಗಿಗಳ ಮೇಲಿನ ಪ್ರಯೋಗಗಳ ವೆಚ್ಚಕ್ಕೆ ಹಿಂದಿನ ತೆರಿಗೆ ಉತ್ತೇಜನವನ್ನು ಮರಳಿ ನೀಡಬೇಕು. ಪುರಾವೆ ಪಡೆಯಲು ತಗಲುವ ವೆಚ್ಚವನ್ನು ಭರಿಸಲಾಗದವರು ಈ ಕ್ಷೇತ್ರಕ್ಕೆ ಇಳಿಯದಿರುವುದೇ ಲೇಸು.