ಕೊಂಬಿನ ಗೂಬೆಯೂ ಕಾಡುಮೊಲವೂ

ಹಕ್ಕಿಗಳೆಲ್ಲ ಕೂಡಿ ಗೂಬೆಗೆ ಪಟ್ಟಕಟ್ಟಲು ಹೊರಟಾಗ ಕಾಗೆಯು ಅಡ್ಡಬಂದು, ಕೊಳದಲ್ಲಿ ಚಂದ್ರಬಿಂಬವನ್ನು ತೋರಿಸಿ ಆನೆಯನ್ನು ಓಡಿಸಿದ ಮೊಲದ ಕಥೆಯನ್ನು ಹೇಳಿತೆಂಬುದನ್ನು ಪಂಚತಂತ್ರವನ್ನು ಓದಿದವರು ಬಲ್ಲರು. ಕಥೆಯಲ್ಲಿ ಹೀಗೆ ಜೊತೆಗೂಡಿದ ಈ ಪ್ರಾಣಿಗಳು ಚನ್ನಗಿರಿ, ಜಗಳೂರು ಸೀಮೆಯ ಕಲ್ಲುಗುಡ್ಡಗಳಲ್ಲಿಯೂ ಕುರುಚಲು ಕಾಡಿನಲ್ಲಿಯೂ ನಿಜವಾಗಿಯೇ ನೆರೆಹೊರೆಯವು. ಒಂದು ಕೊಂಬಿನ ಗೂಬೆ. ಇನ್ನೊಂದು ಹಿಂಗತ್ತಿನಲ್ಲಿ ಕಪ್ಪು ಮಚ್ಚೆಯುಳ್ಳ ಕಾಡುಮೊಲ.

ಎರಡರದೂ ಮಣ್ಣಿನ ಬಣ್ಣ. ಎರಡರ ತಲೆಯ ಮೇಲೆಯೂ ನಿಮಿರಿದ ಜೋಡಿ. ಮೊಲದವು ಕಿವಿಗಳೇ ಸರಿ. ಗೂಬೆಯವು ಬರಿಯ ಗರಿಯ ಜುಟ್ಟುಗಳು, ಅದರ ನಿಜವಾದ ಕಿವಿಗಳು ಮೋರೆಯ ಇಕ್ಕೆಲದ ಗರಿಗಳೊಳಗೆ ಅಡಗಿವೆ. ಗೂಬೆಯ ಕಣ್ಣುಗಳು ಮುಂದಕ್ಕೆ ನಾಟಿಕೊಂಡು ಕುಳಿಯಲ್ಲಿ ಹೊರಳಲಾರವಾದುದರಿಂದ ಅದು ಕತ್ತನ್ನೇ ತಿರುಗಿಸಬೇಕು. ಮೊಲಕ್ಕಾದರೋ ಕಣ್ಣುಗಳು ಪಕ್ಕಕ್ಕಿದ್ದು, ಮುಖ ತಿರುಗಿಸದೆಯೇ ಬೆನ್ನ ಹಿಂದಣ ಅಪಾಯವು ಕಾಣುತ್ತದೆ. ಹಿಡಿಯುವವನಿಗೂ ತಪ್ಪಿಸಿಕೊಳ್ಳುವವನಿಗೂ ಬೇಕಾದ ದೃಷ್ಟಿಯು ಬೇರೆಯಲ್ಲವೆ?

ಮನೆ ಕಟ್ಟುವ ಗೋಜು ಎರಡಕ್ಕೂ ಇಲ್ಲ. ಗೂಬೆಯು ಬಂಡೆಯ ಅಂಚಿನ ಬರಿ ನೆಲದಲ್ಲಿ ಮೊಟ್ಟೆಯಿಡುತ್ತದೆ; ಕಣ್ಣುಬಿಡದೆ ಹುಟ್ಟುವ ಮರಿಗಳನ್ನು ತಾಯಿತಂದೆಗಳು ತಿಂಗಳುಗಟ್ಟಲೆ ಸಾಕಬೇಕು. ಕಾಡುಮೊಲದ ಮರಿಗಳೋ ಮೈತುಂಬ ರೋಮದೊಡನೆ, ಕಣ್ಣು ತೆರೆದೇ ಹುಟ್ಟುವುವು. (ಗೂಡಿನಲ್ಲಿ ಸಾಕುವ ಬಿಳಿಯ ಮೊಲವು ಬೇರೆ ಜಾತಿ, ಅದರ ಮರಿಗಳು ಬೋಳು, ಕುರುಡು.) ತಾಯಿಯು ಅವುಗಳನ್ನು ಹುಲ್ಲಿನ ತಗ್ಗಿನಲ್ಲಿ ಬಿಟ್ಟುಹೋಗಿ, ಹಾಲೂಡುವ ಹೊತ್ತಿಗೆ ಮಾತ್ರ ಬರುತ್ತದೆ. ಇದನ್ನರಿಯದೆ ಮಕ್ಕಳು ಹೊಲದಿಂದ 'ತಬ್ಬಲಿ' ಮರಿಯನ್ನು ಎತ್ತಿತಂದಾಗಲೇ ಅದು ತಬ್ಬಲಿಯಾಗುವುದು. ತಂದಿದ್ದರೆ ಕೂಡಲೆ ಅದೇ ಸ್ಥಳದಲ್ಲಿ ಬಿಟ್ಟುಬರಲು ಹೇಳತಕ್ಕದ್ದು.

ಗೂಬೆಯು ಒಮ್ಮೊಮ್ಮೆ ಮೊಲವನ್ನೂ ಹಿಡಿಯುವುದುಂಟು. ಆದರೆ ಅದರ ಮುಖ್ಯ ಆಹಾರ ಇಲಿ ಹೆಗ್ಗಣಗಳು. ಭದ್ರಾ ನಾಲೆಯ ಕೆಳಗಣ ಭತ್ತದ ಬದುಗಳಲ್ಲಿ ಬಿಲ ತೋಡುವ, ಮೆಕ್ಕೆಜೋಳದ ರಾಶಿಗೆ ಮುತ್ತುವ ಅವೇ ಪ್ರಾಣಿಗಳು. ಹೀಗಿದ್ದರೂ ಗೂಬೆ ಕೂಗಿದರೆ ಮನೆಯಲ್ಲಿ ಸಾವೆಂದು ಕಲ್ಲೆಸೆಯುವವರಿದ್ದಾರೆ. ಮಾಟಕ್ಕೆಂದು ಹಿಡಿದು ಮಾರುವವರೂ ಇದ್ದಾರೆ. ಮುಸ್ಸಂಜೆಯ ಆ ಗಂಭೀರ ಕೂಗಿನಿಂದ ಅದು ತನ್ನ ಜೋಡಿಯನ್ನು ಕರೆಯುತ್ತದೆ, ತನ್ನ ಎಲ್ಲೆಯನ್ನು ಸಾರುತ್ತದೆ. ನಮ್ಮ ಆಯುಷ್ಯದ ಲೆಕ್ಕ ಅದಕ್ಕೇತಕ್ಕೆ? ಮೊಲದ ಪಾಡು ಇನ್ನೊಂದು ಬಗೆ: ಅದನ್ನು ಯಾರೂ ದ್ವೇಷಿಸರು, ಬಲೆಯೊಡ್ಡಿ ತಿನ್ನುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡನ್ನು ಕೊಲ್ಲುವುದೂ ಅಪರಾಧ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯವಾಯಿತು. ಅಂಥ ಕಾಡಿನ ಎಲ್ಲೆಕಲ್ಲನ್ನು ಮೊಲವೂ ಗೂಬೆಯೂ ಅರಿಯವು. ಕತ್ತಲಾದೊಡನೆ ಮೊಲವು ಚಿಗುರಿಗೆ, ಗೂಬೆಯು ಇಲಿಗೆ, ನಮ್ಮ ಹೊಲಗಳಿಗೇ ಬರುವುವು.