ಮರಳು ಕಂಡು ಮರಳಿದ ಮೇಲೆ

ಹಿರಿಯೂರಿನವನೊಬ್ಬ ದುಡ್ಡು ತೆತ್ತು ಮರಳುಗಾಡನ್ನು ನೋಡಿಬಂದನೆಂದರೆ ನಗದವರಾರು? ಹೋದ ಮಾಗಿಯಲ್ಲಿ ಜೈಸಲ್ಮೇರಿನಿಂದ ಹಿಂದಿರುಗಿದಾಗ ನೆರೆಯ ರೈತರೊಬ್ಬರು ನಕ್ಕೇಬಿಟ್ಟರು: "ಬೇಸಗೇಲಿ ನಮ್ಮ ಹೊಲಕ್ಕೆ ಬಂದಿದ್ದರೆ ನಾನು ಬಿಟ್ಟಿಯಾಗಿಯೇ ತೋರಿಸುತ್ತಿದ್ದೆನಲ್ಲ, ಮೇಷ್ಟ್ರೆ!" ನಗು ನಿಂತ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು: "ಹೋಗಲಿ, ಅಲ್ಲಿಯವರು ನೀರಿಗೆ ಏನು ಮಾಡುತ್ತಾರೆ?"

ಆ ಪ್ರಶ್ನೆಗೆ ನನ್ನಲ್ಲಿ ಅರೆ ಉತ್ತರ ಮಾತ್ರ ಇತ್ತು. ಅದಾದರೂ ದೊರೆತದ್ದು ಆಕಸ್ಮಿಕವಾಗಿ. ಈ ಲೇಖನಕ್ಕೆ ಅದೇ ಕಾರಣ.

ಜೈಸಲ್ಮೇರು 1156ರಲ್ಲಿ ಹುಟ್ಟಿದ ನಗರ. ಹಳದಿ ಕಲ್ಲಿನ ಅದರ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಹೂಡಿದ್ದಾರೆ. ಅಲ್ಲಿಂದ ಪ್ರವಾಸಿಗಳನ್ನು ಜೀಪಿನಲ್ಲಿ ಸುಮಾರು ನಲವತ್ತು ಕಿಲೋಮೀಟರು ದೂರದ ಸಮ್ ಎಂಬಲ್ಲಿನ ಮರಳದಿಣ್ಣೆಗಳಿಗೆ ಕರೆದೊಯ್ಯುತ್ತಾರೆ. ಒಂಟೆಯ ಮೇಲೆ ಅರ್ಧ ತಾಸಿನ ಸವಾರಿ, ಸೂರ್ಯಾಸ್ತ, ಗುಡಾರದ ಮುಂದೆ ಹಾಡು ಕುಣಿತ, ಊಟ. ಸುಳ್ಳು ಹೇಳಬಾರದು, ಮರಳಿನ ಮೇಲೆ ಇಳಿಹೊತ್ತಿನ ಬೆಳಕು ಹರಿದದ್ದನ್ನು ಕಂಡು ನನಗೂ ಮಾತು ಹೊರಡಲಿಲ್ಲ. ಆದರೆ ವರ್ಷಕ್ಕೆ ಸುಮಾರು ಇನ್ನೂರು ಮಿಲಿಮೀಟರು ಮಳೆಯಾಗುವ ನೆಲದಲ್ಲಿ ಎಂಟುನೂರು ವರ್ಷ ಒಂದು ನಗರ ಬಾಳಿತೆಂದರೆ ಹೇಗೆ ಬಾಳಿತು? ನಮ್ಮ ತಂಡದಲ್ಲಿ ಯಾರೂ ಅದನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ದಾರಿಯಲ್ಲಿ ಕುಲಧರಾ ಎಂಬ ಪಾಳುಹಳ್ಳಿಯನ್ನು ತೋರಿಸಿದರು. ಪಾಲಿವಾಲ ಬ್ರಾಹ್ಮಣರು ಹತ್ತೊಂಬತ್ತನೆಯ ಶತಮಾನದಲ್ಲಿ ತೊರೆದುಹೋದ ಊರು ಅದು. ದಿವಾನನ ದಬ್ಬಾಳಿಕೆ, ರಾತ್ರೋರಾತ್ರಿ ಊರುಬಿಟ್ಟ ಜನ, ಅವರಿತ್ತ ಶಾಪ, ಈಗಲೂ ಸುಳಿದಾಡುವ ದೆವ್ವ — ಮಾರ್ಗದರ್ಶಿ ಸೊಗಸಾಗಿ ವರ್ಣಿಸಿದ. ಎಲ್ಲರೂ ಗೋಡೆಗಳ ಚಿತ್ರ ತೆಗೆದುಕೊಂಡರು. ಮತ್ತೆ ಜೀಪು ಹೊರಟಾಗ, ದೂರದಲ್ಲಿ ಮಣ್ಣಿನ ಉದ್ದನೆಯ ಏರಿಯೊಂದರ ಒಳಮಗ್ಗುಲಲ್ಲಿ ಹಸುರು ಪೈರು ಕಂಡಿತು. ಚಾಲಕನನ್ನು ವಿಚಾರಿಸಿದೆ. "ಅದು ಖಡೀನು. ಆ ಪಾಲಿವಾಲರ ವಿದ್ಯೆಯೇ" ಎಂದ.

ಖಡೀನಿನ ಮರ್ಮ ಸರಳವಾದುದು. ಕಲ್ಲುನೆಲದ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದುಬರುತ್ತದೆ. ತಗ್ಗಿನಲ್ಲಿ ಅಡ್ಡ ಏರಿ ಹಾಕಿ ಅದನ್ನು ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲಿಯೇ ಗೋಧಿಯನ್ನೋ ಕಡಲೆಯನ್ನೋ ಬಿತ್ತುತ್ತಾರೆ. ಮರಳುಗಾಡಿನಲ್ಲಿ ನಾನು ಕಂಡ ನಿಜವಾದ ಅಚ್ಚರಿ ಆ ಏರಿ. ಅಲ್ಲಿ ಜೀಪು ನಿಲ್ಲಲಿಲ್ಲ. ದೆವ್ವಕ್ಕೆ ದೊರೆತ ಅರ್ಧ ಗಂಟೆಯಲ್ಲಿ ಗೋಧಿಗೆ ಅರ್ಧ ನಿಮಿಷವೂ ದೊರೆಯಲಿಲ್ಲ.

ಮಾರ್ಗದರ್ಶಿಯನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಕೇಳುವವರಿದ್ದಂತೆ ಕಥೆ. ಬರಡುತನವನ್ನೇ ನೋಡಬಂದವರಿಗೆ ಅವನು ಬರಡನ್ನು ತೋರಿಸುತ್ತಾನೆ. ದಣಿವಾರಿಸಿಕೊಳ್ಳಲು ಹೋದವರಿಗೆ ಪಾಠವೇಕೆ ಎಂದು ಕೆಲವರು ಕೇಳಬಹುದು. ಮಳೆನಾಡಿನವರು ಹಾಗೆಂದರೆ ಒಪ್ಪುತ್ತೇನೆ. ಐದಾರು ನೂರು ಮಿಲಿಮೀಟರು ಮಳೆಯನ್ನು ನಂಬಿ ಎರೆಭೂಮಿ ಉಳುವ ಊರಿನಿಂದ ಹೋದ ನಾವು ಹಾಗೆನ್ನಬಹುದೆ? ಒಣನಾಡು ನಮಗೆ ನೋಟವಲ್ಲ, ನೆಂಟಸ್ತಿಕೆ.

ಇನ್ನು ನಮ್ಮ ಮನೆಯ ಸಂಗತಿ. ಚಿತ್ರದುರ್ಗವೂ ಇತಿಹಾಸಪ್ರಸಿದ್ಧ ನಗರವೇ. ಅಲ್ಲಿಯೂ ಕೋಟೆಯನ್ನು ತೋರಿಸುವವರಿದ್ದಾರೆ. ಓಬವ್ವನ ಕಿಂಡಿಯ ಮುಂದೆ ಅವರ ದನಿ ಏರುತ್ತದೆ, ಏರತಕ್ಕದ್ದೇ. ಆದರೆ ಗೋಪಾಲಸ್ವಾಮಿ ಹೊಂಡದ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೂ ಇಳಿದುಬರುವಂತೆ ಹಿರಿಯರು ಹೂಡಿದ ಏರ್ಪಾಡನ್ನು ನಿಂತು ವಿವರಿಸಿದವರನ್ನು ನಾನು ಕಂಡದ್ದು ಕಡಮೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಡದ ಕೋಟೆ ಯಾವ ಮುತ್ತಿಗೆಯನ್ನು ತಡೆದೀತು? ವೀರರೂ ನೀರು ಕುಡಿದೇ ಕಾದಿದವರು.

ನಮ್ಮ ಮಾರಿಕಣಿವೆಯ ಕಥೆಯೂ ಇದೇ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರು ಕಟ್ಟಿಸಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಮತ್ತೆ ಹರಿದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ಆ ಕೋಡಿಯನ್ನು ನೋಡಲು ಜನಸಾಗರವೇ ಸೇರಿತು, ಸೇರಲಿ, ಸಂತೋಷ. ಆದರೆ ಅದಕ್ಕೆ ಐದೇ ವರ್ಷ ಹಿಂದೆ, 2017ರಲ್ಲಿ, ಕೆರೆಯ ತಳ ಕಂಡಿತ್ತು. ಅಚ್ಚುಕಟ್ಟಿನ ತೆಂಗಿನ ತೋಟಗಳು ಸುಳಿ ಒಣಗಿ ಬೋಳುಗಂಬಗಳಾಗಿ ನಿಂತಿದ್ದವು. ಸಾವಿರ ಅಡಿ ಕೊರೆದ ಕೊಳವೆಬಾವಿಯಿಂದಲೂ ಬರಿಯ ದೂಳು ಎದ್ದಿತು. ಅದನ್ನು ನೋಡಬಂದ ಪ್ರವಾಸಿಗಳನ್ನು ನಾನು ಕಾಣೆ. ಕೋಡಿಯ ಚಿತ್ರ ಮನೆಮನೆಯಲ್ಲಿದೆ. ಬೋಳುಗಂಬಗಳನ್ನು ನಾವೇ ಮರೆಯುತ್ತಿದ್ದೇವೆ. ಮರೆತವರು ಮುಂದಿನ ಬರಕ್ಕೆ ಮತ್ತೆ ಕೊಳವೆಬಾವಿಯ ಯಂತ್ರವನ್ನೇ ಕರೆಯುತ್ತಾರೆ.

ನಮ್ಮ ಶಾಲೆಗಳು ವರ್ಷವರ್ಷವೂ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತವೆ. ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ಒಂದು ದಿನವನ್ನು ಈ ದಾರಿಗೆ ಮೀಸಲಿಡಿ. ಬೆಳಗ್ಗೆ ದುರ್ಗದ ಹೊಂಡಗಳನ್ನು ಮೇಲಿನಿಂದ ಕೆಳಕ್ಕೆ, ನೀರು ಇಳಿಯುವ ದಾರಿಯಲ್ಲಿಯೇ ತೋರಿಸಿ. ಮಧ್ಯಾಹ್ನ ಮಾರಿಕಣಿವೆಯ ಕಟ್ಟೆಯ ಮೇಲೆ ನಿಲ್ಲಿಸಿ, 1933 ಮತ್ತು 2022ರ ನಡುವಿನ ಅಂತರವನ್ನು ಅವರಿಂದಲೇ ಲೆಕ್ಕಹಾಕಿಸಿ. ಸಂಜೆ ಮುದುಕ ರೈತರೊಬ್ಬರ ತೋಟಕ್ಕೆ ಹೋಗಿ. ಅಂದಿನ ಮಾರ್ಗದರ್ಶಿ ಅವರೇ ಆಗಲಿ.

ನನ್ನನ್ನು ನೋಡಿ ನಕ್ಕ ನೆರೆಯವರನ್ನು ಆಗಲೇ ಕೇಳಿದ್ದೇನೆ, ಒಪ್ಪಿದ್ದಾರೆ. ಖಡೀನಿನ ವಿಷಯವನ್ನು ಮಾತ್ರ ಇನ್ನೊಮ್ಮೆ ಸರಿಯಾಗಿ ತಿಳಿದುಬಂದು ಹೇಳಬೇಕಂತೆ.